ರೆಡ್ ಡೆಡ್ 2 ಓಡುತ್ತಾ? ಪಿಸಿ ತಗೊಳ್ಳುವ ಮುಂಚೆ ಈ ಎರಡು ಕೊಟೇಷನ್ ನೋಡಿ ಹೇಳಿ

ತಿಪಟೂರು_ತೆಂಗು

ಎಲ್ಲರಿಗೂ ನಮಸ್ಕಾರ. ನಾನು ತಿಪಟೂರಿನವಳು, ಇಲ್ಲೇ ಒಂದು ಆಡಿಟರ್ ಆಫೀಸಿನಲ್ಲಿ ಕೆಲಸ. ಮನೆಗೆ ಹೊಸ ಪಿಸಿ ತಗೊಳ್ಳಬೇಕು. ಚೀಟಿ ಎತ್ತಿದ ದುಡ್ಡು, ಹಾಗಾಗಿ ಒಂದು ಸಲ ತಗೊಂಡರೆ ಐದಾರು ವರ್ಷ ಬಾಳಿಕೆ ಬರಬೇಕು.

ನನ್ನ ಟ್ಯಾಲಿ, ಎಕ್ಸೆಲ್ ಯಾವ ಪಿಸಿಯಲ್ಲಾದರೂ ನಡೆಯುತ್ತೆ, ಅದು ಗೊತ್ತು. ಪ್ರಶ್ನೆ ಗೇಮ್ ಬಗ್ಗೆ. ತಮ್ಮನಿಗೆ ಪಿಯುಸಿಯಲ್ಲಿ ಡಿಸ್ಟಿಂಕ್ಷನ್ ಬಂದರೆ ರೆಡ್ ಡೆಡ್ ರಿಡೆಂಪ್ಷನ್ 2 ಓಡುವಂಥ ಪಿಸಿ ಕೊಡಿಸುತ್ತೇನೆ ಅಂತ ಹೇಳಿದ್ದೆ. ಡಿಸ್ಟಿಂಕ್ಷನ್ ಬಂತು. ಈಗ ಮಾತು ಉಳಿಸಿಕೊಳ್ಳಬೇಕು.

ಇನ್ನೊಂದು ಗೇಮ್ ಅಪ್ಪನಿಗೆ. ಅಪ್ಪ ಇಪ್ಪತ್ತು ವರ್ಷದ ಮೇಲೆ ಲಾರಿ ಓಡಿಸಿದವರು. ಇಲ್ಲಿಯ ಎಪಿಎಂಸಿಯಿಂದ ಕೊಬ್ಬರಿ ಲೋಡ್ ಹಾಕಿಕೊಂಡು ದೆಹಲಿ, ಜೈಪುರದ ಕಡೆ ಹೋಗುತ್ತಿದ್ದರು. ಮಂಡಿ ಆಪರೇಷನ್ ಆದ ಮೇಲೆ ಬಿಟ್ಟರು. ಮೊನ್ನೆ ಫೋನಿನಲ್ಲಿ ಯಾರೋ ಯೂರೋ ಟ್ರಕ್ ಸಿಮ್ಯುಲೇಟರ್ 2 ಆಡುವ ವಿಡಿಯೋ ಬಂತು. ಊಟದ ತಟ್ಟೆ ಕೈಯಲ್ಲಿ ಹಿಡಿದುಕೊಂಡೇ ಪೂರ್ತಿ ನೋಡಿದರು. "ಇಷ್ಟು ಬೇಗ ಸ್ಟೇರಿಂಗ್ ಕಟ್ ಮಾಡಿದರೆ ಹಿಂದಿನ ಚಕ್ರ ಮೋರಿಗೆ ಇಳಿಯುತ್ತೆ ಕಣೋ" ಅಂತ ಆಡುತ್ತಿದ್ದವನಿಗೆ ಬೈದರು. ಅವರಿಗೂ ಅದನ್ನು ಹಾಕಿಕೊಡಬೇಕು ಅಂತ ನನ್ನ ಆಸೆ.

ಈಗ ಕೊಟೇಷನ್ ವಿಷಯ. ಮೊದಲನೆಯದು ಇಲ್ಲೇ ಹತ್ತಿರದ ಒಂದು ಅಂಗಡಿಯದು. ಚೀಟಿಯಲ್ಲಿ ಬರೆದಿದ್ದು ಹೀಗೆ: "ಐ5 ಪ್ರೊಸೆಸರ್, 16 ಜಿಬಿ ರ್‍ಯಾಮ್, 512 ಎಸ್‌ಎಸ್‌ಡಿ, 4 ಜಿಬಿ ಗ್ರಾಫಿಕ್ಸ್ ಕಾರ್ಡ್, 22 ಇಂಚು ಮಾನಿಟರ್, ಕೀಬೋರ್ಡ್ ಮೌಸ್ ಫ್ರೀ. 26 ಸಾವಿರ." ಎಲ್ಲಾ ಗೇಮೂ ಓಡುತ್ತೆ ಮೇಡಂ, ಯೋಚನೆನೇ ಮಾಡಬೇಡಿ ಅಂದರು. ಯಾವ ಐ5, ಯಾವ ಕಾರ್ಡ್ ಅಂತ ಕೇಳಿದಾಗ ಸ್ವಲ್ಪ ಹಿಂದೇಟು ಹಾಕಿ, ಆಮೇಲೆ ಚೀಟಿ ಹಿಂದೆ ಬರೆದುಕೊಟ್ಟರು: ಐ5-3470, ಎಚ್61 ಬೋರ್ಡ್, ಜಿಟಿ 730.

ಎರಡನೆಯದು ಬೆಂಗಳೂರು ಎಸ್.ಪಿ. ರಸ್ತೆಯದು. ರೈಜೆನ್ 5 5600ಜಿ, ಬಿ450 ಬೋರ್ಡ್, 16 ಜಿಬಿ ಡಿಡಿಆರ್4 ಒಂದೇ ಸ್ಟಿಕ್, 512 ಜಿಬಿ ಎನ್‌ವಿಎಂಇ ಎಸ್‌ಎಸ್‌ಡಿ, 450 ವ್ಯಾಟ್ ಎಸ್‌ಎಂಪಿಎಸ್ (ಪಿಸಿಗೆ ಕರೆಂಟ್ ಕೊಡುವ ಪೆಟ್ಟಿಗೆ), ಅದೇ ಅಳತೆಯ ಮಾನಿಟರ್. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. 43 ಸಾವಿರ.

ಗೊಂದಲ ಇಷ್ಟೇ. ಮೊದಲನೆಯದರಲ್ಲಿ 4 ಜಿಬಿ ಕಾರ್ಡ್ ಇದೆ, ಬೆಲೆಯೂ ಕಡಿಮೆ. ಎರಡನೆಯದರಲ್ಲಿ ಕಾರ್ಡೇ ಇಲ್ಲ, ಬೆಲೆ ಜಾಸ್ತಿ. ತಮ್ಮ ಗೇಮ್ ಓಡುತ್ತಾ ಅಂತ ಚೆಕ್ ಮಾಡುವ ವೆಬ್‌ಸೈಟ್ ತೆರೆದ. ಅದು ನನ್ನ ಆಫೀಸ್ ಲ್ಯಾಪ್‌ಟಾಪನ್ನೇ ಅಳೆದು "ಫೇಲ್" ಅಂತ ತೋರಿಸಿತು. ಇನ್ನೂ ತಗೊಳ್ಳದ ಪಿಸಿಯನ್ನು ಚೆಕ್ ಮಾಡುವುದು ಹೇಗೆ? ಅವನ ಸ್ನೇಹಿತ ಬೇರೆ, ಇಂಟೆಲ್ 12400ಎಫ್ ತಗೊಳ್ಳಿ, ಕಾರ್ಡ್ ಮುಂದಿನ ವರ್ಷ ಹಾಕಿಸಿ ಅಂತಾನೆ. ನನ್ನ ಕೈಯಲ್ಲಿ ಇರುವುದು ಎಲ್ಲಾ ಸೇರಿ 60 ಸಾವಿರ. ತಿಳಿದವರು ಬಿಡಿಸಿ ಹೇಳಿ.

ಶಿರಾ_ಗೇಟ್_ಗೇಮರ್

ಅಕ್ಕ, ಮೊದಲನೇ ಕೊಟೇಷನ್ ದಯವಿಟ್ಟು ಬೇಡ. ಅಡ್ವಾನ್ಸ್ ಕೊಟ್ಟಿಲ್ಲ ತಾನೇ? 3470 ಅಂದರೆ 2012ರ ಪ್ರೊಸೆಸರ್. ಪ್ರೊಸೆಸರ್ ಯಾವುದೋ ಆಫೀಸಿನಿಂದ ಹೊರಬಿದ್ದ ಹಳೇದು, ಬೋರ್ಡ್ ಮತ್ತು ಕ್ಯಾಬಿನೆಟ್ ಮಾತ್ರ ಹೊಸದು. ಇಂಥವು ತುಮಕೂರಿನಲ್ಲೂ ಬೇಕಾದಷ್ಟು ಸಿಗುತ್ತವೆ. ಟ್ಯಾಲಿಗೆ ಸರಿ, ರೆಡ್ ಡೆಡ್‌ಗೆ ಖಂಡಿತ ಅಲ್ಲ.

ಬಟವಾಡಿ_ಬಿಲ್ಡ್ಸ್

ಮೇಡಂ, ನೀವು ಅಂಗಡಿಯವರ ಹತ್ತಿರ ಮಾಡೆಲ್ ನಂಬರ್ ಬರೆಸಿಕೊಂಡಿದ್ದೀರಲ್ಲ, ಅರ್ಧ ಕೆಲಸ ಅಲ್ಲೇ ಮುಗಿಯಿತು. ಎಷ್ಟೋ ಜನ ಇದನ್ನು ಕೇಳುವುದೇ ಇಲ್ಲ. "ಐ5, 16 ಜಿಬಿ, 4 ಜಿಬಿ ಕಾರ್ಡ್" ಅನ್ನುವ ಮೂರು ಮಾತಿನಿಂದ ಯಾವ ಗೇಮ್ ಓಡುತ್ತೆ ಅಂತ ಯಾರೂ ಹೇಳಲು ಆಗುವುದಿಲ್ಲ. 2012ರದೂ ಐ5, 2022ರ 12400 ಕೂಡ ಐ5.

ತಗೊಳ್ಳದ ಪಿಸಿಯನ್ನು ಚೆಕ್ ಮಾಡುವುದು ಕೈಯಲ್ಲೇ. ಗೇಮ್ ಮಾರುವ ಸ್ಟೀಮ್ ಅನ್ನುವ ಆನ್‌ಲೈನ್ ಅಂಗಡಿಯಲ್ಲಿ ಗೇಮ್ ಪುಟ ತೆರೆದು ಕೆಳಗೆ ಹೋದರೆ ಮಿನಿಮಮ್, ರೆಕಮೆಂಡೆಡ್ ಅಂತ ಎರಡು ಪಟ್ಟಿ ಇರುತ್ತವೆ. ರೆಡ್ ಡೆಡ್ 2ರ ಮಿನಿಮಮ್ ಪಟ್ಟಿ: ಇಂಟೆಲ್ ಐ5-2500ಕೆ ಅಥವಾ ಎಎಂಡಿ ಎಫ್‌ಎಕ್ಸ್-6300, 8 ಜಿಬಿ ರ್‍ಯಾಮ್, ಜಿಟಿಎಕ್ಸ್ 770 2 ಜಿಬಿ ಅಥವಾ ಆರ್9 280 3 ಜಿಬಿ, 150 ಜಿಬಿ ಜಾಗ. ರೆಕಮೆಂಡೆಡ್‌ನಲ್ಲಿ ಐ7-4770ಕೆ ಅಥವಾ ರೈಜೆನ್ 5 1500ಎಕ್ಸ್, 12 ಜಿಬಿ ರ್‍ಯಾಮ್, ಜಿಟಿಎಕ್ಸ್ 1060 6 ಜಿಬಿ ಅಥವಾ ಆರ್‌ಎಕ್ಸ್ 480 4 ಜಿಬಿ. ಗೇಮ್ ಪಿಸಿಗೆ ಬಂದಿದ್ದು 2019ರ ನವೆಂಬರ್‌ನಲ್ಲಿ, ಅದಕ್ಕೇ ಈ ಹೆಸರುಗಳು ಹಳೆಯವು.

ಈಗ ನಿಮ್ಮ ಮೊದಲ ಚೀಟಿಯನ್ನು ಇದರ ಪಕ್ಕ ಇಡಿ. ಐ5-3470 ಹೆಚ್ಚು ಕಡಿಮೆ 2500ಕೆ ಮಟ್ಟದ್ದೇ. ಅಂದರೆ ಪ್ರೊಸೆಸರ್ ಹೇಗೋ ತೇರ್ಗಡೆ. ರ್‍ಯಾಮ್ ಪಾಸ್, ಜಾಗ ಪಾಸ್. ಕಾರ್ಡ್ ನೋಡಿದಾಗಲೇ ಎಲ್ಲರೂ ಎಡವುವುದು. ಪಟ್ಟಿಯಲ್ಲಿ "770 2 ಜಿಬಿ", ಚೀಟಿಯಲ್ಲಿ "730 4 ಜಿಬಿ". ಎರಡೂ 700 ಸರಣಿ, ನಮ್ಮದರಲ್ಲಿ ಜಿಬಿ ಜಾಸ್ತಿ, ಹಾಗಾಗಿ ನಮ್ಮದೇ ಮೇಲು ಅನ್ನಿಸುತ್ತೆ. ಒಳಗೆ ನೋಡಿದರೆ ಕಥೆ ಬೇರೆ. ಜಿಟಿಎಕ್ಸ್ 770ರಲ್ಲಿ ಲೆಕ್ಕ ಮಾಡುವ ಕೋರ್‌ಗಳು 1536. ಜಿಟಿ 730ರಲ್ಲಿ ಹೆಚ್ಚೆಂದರೆ 384, ಅಂದರೆ ಕಾಲು ಭಾಗ. ಮೆಮೊರಿ ವೇಗ ಇನ್ನೂ ಕಡೆ. 770ರಲ್ಲಿ ಸೆಕೆಂಡಿಗೆ 224 ಜಿಬಿ ಹರಿಯುತ್ತದೆ. 730ರ 64 ಬಿಟ್ ಡಿಡಿಆರ್3 ಮಾದರಿಯಲ್ಲಿ ಹದಿನಾಲ್ಕು ಚಿಲ್ಲರೆ ಜಿಬಿ ಅಷ್ಟೇ. ದೊಡ್ಡ ಸಿಂಟೆಕ್ಸ್ ಟ್ಯಾಂಕ್ ಕೂರಿಸಿ ಅದಕ್ಕೆ ಅರ್ಧ ಇಂಚಿನ ನಲ್ಲಿ ಹಾಕಿದ ಹಾಗೆ. ಆ 4 ಜಿಬಿ ಸುಮ್ನೆ ಚೀಟಿಯಲ್ಲಿ ಚೆಂದ ಕಾಣುತ್ತೆ, ಅಷ್ಟೇ.

ಮೂರಂಕಿಯ ಕಾರ್ಡ್ ಹೆಸರಿನಲ್ಲಿ ಮೊದಲ ಅಂಕಿ ತಲೆಮಾರು, ನಡುವಿನ ಅಂಕಿ ದರ್ಜೆ. 710, 730 ಪರದೆಗೆ ಚಿತ್ರ ಕಳಿಸಲು ಮಾಡಿದವು. 760, 770 ಗೇಮ್‌ಗೆ ಮಾಡಿದವು. ಇದೊಂದು ತಿಳಿದಿದ್ದರೆ ಮುಂದೆ ಯಾವ ಅಂಗಡಿಯಲ್ಲೂ ನಿಮ್ಮನ್ನು ಯಾಮಾರಿಸಲು ಆಗಲ್ಲ.

ಐದಾರು ವರ್ಷ ಬಾಳಿಕೆ ಬೇಕು ಅಂದಿರಲ್ಲ, ಅದಕ್ಕೂ ಮೊದಲನೆಯದು ಆಗುವುದಿಲ್ಲ. ಮೂರನೇ ತಲೆಮಾರಿನ ಇಂಟೆಲ್ ಪ್ರೊಸೆಸರ್ ವಿಂಡೋಸ್ 11ರ ಪಟ್ಟಿಯಲ್ಲಿ ಇಲ್ಲ. ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆಫೀಸ್ ಲೆಕ್ಕ, ಬ್ಯಾಂಕ್ ಲಾಗಿನ್ ಎಲ್ಲಾ ಇಡುವ ಪಿಸಿ, ಅಲ್ವಾ? ಗೇಮ್ ಮರೆತರೂ ಈ ಒಂದು ಕಾರಣ ಸಾಕು.

ಎರಡನೇ ಕೊಟೇಷನ್. 5600ಜಿಯಲ್ಲಿ ಆರು ಕೋರ್, ರೆಕಮೆಂಡೆಡ್ ಪ್ರೊಸೆಸರ್‌ಗಿಂತ ಆರಾಮಾಗಿ ಮೇಲೆ. "ಜಿ" ಅಂದರೆ ಪ್ರೊಸೆಸರ್ ಒಳಗೇ ಗ್ರಾಫಿಕ್ಸ್ ಇದೆ, ಹಾಗಾಗಿ ಕಾರ್ಡ್ ಇಲ್ಲದೆಯೂ ಪರದೆ ಬರುತ್ತದೆ. ಆದರೆ ಆ ಒಳಗಿನ ಗ್ರಾಫಿಕ್ಸ್ ಕೂಡ ಜಿಟಿಎಕ್ಸ್ 770ಗಿಂತ ಕೆಳಗೇ. ರೆಡ್ ಡೆಡ್ ತೆರೆದುಕೊಳ್ಳುತ್ತೆ. 1080ಪಿಯಲ್ಲಿ, ಅಂದರೆ ಫುಲ್ ಎಚ್‌ಡಿಯಲ್ಲಿ, ಎಲ್ಲಾ ಸೆಟ್ಟಿಂಗ್ ಕೆಳಗಿಳಿಸಿದರೆ 30 ಎಫ್‌ಪಿಎಸ್ (ಸೆಕೆಂಡಿಗೆ ಪರದೆಗೆ ಬರುವ ಚಿತ್ರಗಳ ಎಣಿಕೆ) ಆಸುಪಾಸು. ಆಡಬಹುದು. ಆದರೆ ಆ ಗೇಮ್‌ನ ಅಂದ ಇರುವುದೇ ಹಿಮ, ಮಂಜು, ಸಂಜೆ ಬೆಳಕಿನಲ್ಲಿ. ಅದನ್ನೆಲ್ಲ ಕಿತ್ತುಹಾಕಿ ಆಡಿಸುವುದಕ್ಕೆ ನನಗೆ ಮನಸ್ಸು ಬರಲ್ಲ. ತಮ್ಮ ಓದಿ ಗಳಿಸಿದ ಉಡುಗೊರೆ ಅದು.

ಮತ್ತೆ ಆ "ಒಂದೇ ಸ್ಟಿಕ್" ರ್‍ಯಾಮ್ ಇದೆಯಲ್ಲ, ಒಳಗಿನ ಗ್ರಾಫಿಕ್ಸ್ ಬಳಸುವವರಿಗೆ ಅದು ದೊಡ್ಡ ಪೆಟ್ಟು. ಆ ಗ್ರಾಫಿಕ್ಸ್‌ಗೆ ತನ್ನದೇ ಮೆಮೊರಿ ಇಲ್ಲ, ರ್‍ಯಾಮ್‌ನಿಂದಲೇ ಸಾಲ ತಗೊಳ್ಳುತ್ತದೆ. ಒಂದು 16ರ ಬದಲು ಎರಡು 8 ಹಾಕಿದರೆ ದಾರಿ ಎರಡಾಗುತ್ತದೆ. ಡಿಡಿಆರ್4-3200ರಲ್ಲಿ ಸೆಕೆಂಡಿಗೆ 25.6 ಜಿಬಿ ಇದ್ದದ್ದು 51.2 ಆಗುತ್ತದೆ. ಕಾರ್ಡ್ ಹಾಕಿದರೂ ಎರಡು ಸ್ಟಿಕ್ಕೇ ಹಾಕಿಸಿ. ಬೆಲೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲ್ಲ.

ಸ್ನೇಹಿತ ಹೇಳಿದ 12400ಎಫ್ ಒಳ್ಳೆ ಪ್ರೊಸೆಸರ್. ಆದರೆ ಇಂಟೆಲ್ ಹೆಸರಿನ ಕೊನೆಯ "ಎಫ್" ಅಂದರೆ ಒಳಗೆ ಗ್ರಾಫಿಕ್ಸ್ ಇಲ್ಲ. ಕಾರ್ಡ್ ಬರುವ ಮುಂದಿನ ವರ್ಷದವರೆಗೆ ನಿಮ್ಮ ಮಾನಿಟರ್‌ನಲ್ಲಿ ಏನೂ ಬರಲ್ಲ. ಟ್ಯಾಲಿ ಕೂಡ ತೆರೆಯಲು ಆಗಲ್ಲ. ಕಾರ್ಡ್ ಈಗಲೇ ಹಾಕಿಸುವುದಾದರೆ ಮಾತ್ರ ಎಫ್.

ನನ್ನ ಮಾತು ಇದು. 60 ಸಾವಿರ ಇದೆ ಅಂದಮೇಲೆ ಕಾರ್ಡ್ ಈಗಲೇ ಹಾಕಿಸಿ, ಅದಕ್ಕೆ ಬೇಕಾದ ದುಡ್ಡನ್ನು ಪ್ರೊಸೆಸರ್‌ನಲ್ಲಿ ಉಳಿಸಿ. 5600ಜಿ ಬದಲು ರೈಜೆನ್ 5 5500 ಕೇಳಿ. ಅದರಲ್ಲೂ ಆರು ಕೋರ್, ಒಳಗೆ ಗ್ರಾಫಿಕ್ಸ್ ಇಲ್ಲ, ಬೆಲೆ ಕಡಿಮೆ, ಅದೇ ಬೋರ್ಡ್‌ಗೆ ಕೂರುತ್ತೆ. ಜೊತೆಗೆ ಆರ್‌ಎಕ್ಸ್ 6600 8 ಜಿಬಿ. ರೆಕಮೆಂಡೆಡ್ ಪಟ್ಟಿಯ ಕಾರ್ಡನ್ನು ಅದು ಸಲೀಸಾಗಿ ದಾಟುತ್ತದೆ. 132 ವ್ಯಾಟ್ ಎಳೆಯುತ್ತದೆ, 450 ವ್ಯಾಟ್ ಎಸ್‌ಎಂಪಿಎಸ್ ಸಾಕು. ಆದರೆ ಆ ಎಸ್‌ಎಂಪಿಎಸ್ ಯಾವ ಕಂಪನಿಯದು, ಕರೆಂಟ್ ಹೆಚ್ಚು ಪೋಲು ಮಾಡಲ್ಲ ಅನ್ನುವ 80 ಪ್ಲಸ್ ಗುರುತು ಇದೆಯಾ, ಕಾರ್ಡ್‌ಗೆ ಬೇಕಾದ 8 ಪಿನ್ ವೈರ್ ಬರುತ್ತಾ, ಮೂರೂ ಕೇಳಿ. ಕ್ಯಾಬಿನೆಟ್ ಜೊತೆ ಫ್ರೀ ಬರುವ ಹೆಸರಿಲ್ಲದ ಎಸ್‌ಎಂಪಿಎಸ್ ಮಾತ್ರ ಬೇಡ. ಅದು ಸುಟ್ಟರೆ ಒಂದೇ ಸುಡುವುದಿಲ್ಲ, ಪಕ್ಕದವರನ್ನೂ ಕರೆದುಕೊಂಡು ಹೋಗುತ್ತದೆ.

ಶಿರಾ_ಗೇಟ್_ಗೇಮರ್

ಅಣ್ಣ, ಬಜೆಟ್ ಬಿಗಿ ಇದ್ದರೆ ಸೆಕೆಂಡ್ ಹ್ಯಾಂಡ್ ಜಿಟಿಎಕ್ಸ್ 1060 6 ಜಿಬಿ ಹಾಕಿಸಬಹುದಲ್ವಾ? ರೆಕಮೆಂಡೆಡ್ ಪಟ್ಟಿಯಲ್ಲಿ ಇರುವುದೇ ಆ ಕಾರ್ಡ್. ನಾನು ಅದರಲ್ಲೇ ಇಡೀ ಕಥೆ ಮುಗಿಸಿದ್ದೇನೆ, ಎಲ್ಲೂ ತೊಂದರೆ ಆಗಲಿಲ್ಲ. ಹತ್ತು ಸಾವಿರಕ್ಕೂ ಜಾಸ್ತಿ ಉಳಿಯುತ್ತೆ.

ಬಟವಾಡಿ_ಬಿಲ್ಡ್ಸ್

ರೆಡ್ ಡೆಡ್ ಒಂದಕ್ಕೇ ಆದರೆ ನಿನ್ನ ಮಾತು ಸರಿ ತಮ್ಮ. ಅವರು ಐದಾರು ವರ್ಷ ಅಂದಿದ್ದಾರೆ, ಅದಕ್ಕೇ ನಾನು ಒಪ್ಪುವುದಿಲ್ಲ. 1060 ಇರುವ ಪೀಳಿಗೆಗೆ ಎನ್‌ವಿಡಿಯಾ ಹೊಸ ಗೇಮ್ ಡ್ರೈವರ್ ಕೊಡುವುದನ್ನು 2025ರ ಅಕ್ಟೋಬರ್‌ಗೆ ನಿಲ್ಲಿಸಿತು. ಇನ್ನು ಸೆಕ್ಯೂರಿಟಿ ಅಪ್‌ಡೇಟ್ ಮಾತ್ರ.

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ಮೊದಲೆಲ್ಲ ಕಾರ್ಡ್ ಹಳೆಯದಾದರೆ ಗೇಮ್ ನಿಧಾನ ಆಗುತ್ತಿತ್ತು, ಸೆಟ್ಟಿಂಗ್ ಇಳಿಸಿ ಆಡುತ್ತಿದ್ದೆವು. ಈಗ ಕೆಲವು ಗೇಮ್ ತೆರೆಯುವುದೇ ಇಲ್ಲ. 2024ರ ಡಿಸೆಂಬರ್‌ನಲ್ಲಿ ಬಂದ ಇಂಡಿಯಾನಾ ಜೋನ್ಸ್ ಗೇಮ್‌ಗೆ ರೇ ಟ್ರೇಸಿಂಗ್ (ಬೆಳಕು, ನೆರಳನ್ನು ನಿಜದ ಹಾಗೆ ಲೆಕ್ಕ ಹಾಕುವ) ಹಾರ್ಡ್‌ವೇರ್ ಕಾರ್ಡ್‌ನಲ್ಲೇ ಇರಬೇಕು. 1060ರಲ್ಲಿ ಅದು ಇಲ್ಲ. ಆರ್‌ಎಕ್ಸ್ 6600ರಲ್ಲಿ ಇದೆ, ಆ ಗೇಮ್‌ನ ಮಿನಿಮಮ್ ಪಟ್ಟಿಯಲ್ಲೇ ಅದರ ಹೆಸರಿದೆ. 2025ರ ಡೂಮ್ ಕೂಡ ಹಾಗೇ. ಹಾಗಾಗಿ ಪಟ್ಟಿ ನೋಡುವಾಗ ಕಾರ್ಡ್ ಹೆಸರಿನ ಜೊತೆ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿರುವುದನ್ನೂ ಓದಬೇಕು. "ರೇ ಟ್ರೇಸಿಂಗ್ ಬೇಕೇಬೇಕು", "ಎಸ್‌ಎಸ್‌ಡಿ ಬೇಕೇಬೇಕು", "ಸೆಕ್ಯೂರ್ ಬೂಟ್ ಆನ್ ಇರಬೇಕು" ಇಂಥವು. ವಿಂಡೋಸ್ 11ರಲ್ಲಿ ವ್ಯಾಲರಂಟ್ ಗೇಮ್ ಆಡಲು ಟಿಪಿಎಂ 2.0, ಸೆಕ್ಯೂರ್ ಬೂಟ್ ಅನ್ನುವ ಪಿಸಿಯ ಭದ್ರತಾ ವ್ಯವಸ್ಥೆಗಳು ಎರಡೂ ಬೇಕು. ಕಾರ್ಡ್ ಎಷ್ಟು ದೊಡ್ಡದಿದ್ದರೂ ಇವು ಇಲ್ಲದಿದ್ದರೆ ಗೇಮ್ ಬಾಗಿಲು ತೆಗೆಯಲ್ಲ.

ಸೆಕೆಂಡ್ ಹ್ಯಾಂಡ್ ತಗೊಳ್ಳಲೇಬೇಕು ಅನ್ನುವವರು ಜಿಪಿಯು-ಝಡ್ ಅನ್ನುವ ಚಿಕ್ಕ ಸಾಫ್ಟ್‌ವೇರ್ ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು ಹೋಗಿ. ಹಳೇ 550 ಟಿಐ ಕಾರ್ಡ್‌ನ ಹೆಸರು ತಿದ್ದಿ 1050 ಟಿಐ ಅಂತ ಮಾರುವವರು ಇದ್ದರು. ಅಂಥದ್ದು ಸಿಕ್ಕರೆ ಹೆಸರಿನ ಮುಂದೆ "ಫೇಕ್" ಅಂತಲೇ ಅದು ತೋರಿಸುತ್ತದೆ.

ಕೋಲಾರ_ಹೈವೇ

ನಾನು ಬರೆಯುವುದು ಅಪ್ಪನ ಗೇಮ್ ಬಗ್ಗೆ. ಎಲ್ಲರೂ ರೆಡ್ ಡೆಡ್ ಹಿಂದೆ ಬಿದ್ದಿದ್ದಾರೆ! ನಾನು ಯೂರೋ ಟ್ರಕ್ ಬಹಳ ಕಾಲದಿಂದ ಆಡುತ್ತೇನೆ. ಬಂಗಾರಪೇಟೆಯಲ್ಲಿ ನಮ್ಮ ಮಾವನದೂ ಲಾರಿ ಕೆಲಸವೇ. ಅವರಿಗೂ ಇದನ್ನು ನಾನೇ ಕಲಿಸಿದ್ದು.

ನೋಡಮ್ಮ, ಇದು 2012ರ ಗೇಮ್. ಮೇಲಿನ ಯಾವ ಹೊಸ ಪಿಸಿಯಲ್ಲಾದರೂ ಓಡುತ್ತದೆ, ಕಾರ್ಡ್ ಇಲ್ಲದ 5600ಜಿಯಲ್ಲೂ ಓಡುತ್ತದೆ. ಆದರೆ ಇದರ ಸ್ವಭಾವ ಬೇರೆ. ರೆಡ್ ಡೆಡ್ ಕಾರ್ಡನ್ನು ಕೇಳಿದರೆ, ಇದು ಪ್ರೊಸೆಸರ್‌ನ ಒಂದೇ ಕೋರ್ ಎಷ್ಟು ಚುರುಕು ಅಂತ ಕೇಳುತ್ತದೆ. ಊರೊಳಗೆ ಟ್ರಾಫಿಕ್ ಜಾಸ್ತಿ ಆದಾಗ, ಮಳೆ ಬಂದಾಗ ಎಫ್‌ಪಿಎಸ್ ಬೀಳುವುದು ಅದಕ್ಕೇ. ಸೈಡ್ ಮಿರರ್‌ಗಳು ಕೂಡ ಭಾರ. ಒಂದೊಂದು ಮಿರರ್ ಒಳಗೂ ಹಿಂದಿನ ರಸ್ತೆಯನ್ನು ಇನ್ನೊಂದು ಸಲ ಬಿಡಿಸಬೇಕಲ್ಲ. ಬೇರೆಯವರಿಗೆ ನಾನು ಮಿರರ್ ಕ್ವಾಲಿಟಿ ಇಳಿಸಿ ಅಂತೀನಿ. ನಿಮ್ಮ ಅಪ್ಪನಿಗೆ ಮಾತ್ರ ಇಳಿಸಬೇಡಿ. ಲಾರಿ ಓಡಿಸಿದವರ ಕಣ್ಣು ಅರ್ಧ ಹೊತ್ತು ಮಿರರ್ ಮೇಲೇ ಇರುತ್ತೆ. ಅದು ಮಸುಕಾದರೆ ಅವರಿಗೆ ಆಟವೇ ಬೇಡ ಅನ್ನಿಸಿಬಿಡುತ್ತದೆ. ಬೇಕಾದರೆ ಸ್ಕೇಲಿಂಗ್ (ಚಿತ್ರವನ್ನು ಪರದೆಗಿಂತ ಎಷ್ಟು ದೊಡ್ಡದಾಗಿ ಬಿಡಿಸಬೇಕು ಅನ್ನುವ ಶೇಕಡಾ ಲೆಕ್ಕ) 400 ಇದ್ದದ್ದನ್ನು 100ಕ್ಕೋ 150ಕ್ಕೋ ತನ್ನಿ, ಅಲ್ಲಿ ಬೇಕಾದಷ್ಟು ಉಳಿಯುತ್ತೆ.

ಕೊಳ್ಳುವ ಮೊದಲು ನೋಡಬೇಕು ಅಂದರೆ ಸ್ಟೀಮ್‌ನಲ್ಲಿ ಇದರ ಡೆಮೊ ಉಚಿತವಾಗಿ ಸಿಗುತ್ತದೆ. ಅಪ್ಪನನ್ನು ಕೂರಿಸಿ ಅದನ್ನೇ ಮೊದಲು ಆಡಿಸಿ.

ಪೂರ್ತಿ ಗೇಮ್ ಹಾಕಿದ ಮೇಲೆ ಶುರು ಮಾಡುವಾಗ ಬ್ರಿಟನ್ನಿನ ಒಂದು ಊರು ಆರಿಸಿ. ಅಲ್ಲಿ ನಮ್ಮ ಹಾಗೆ ರಸ್ತೆಯ ಎಡಗಡೆ ಓಡಿಸುತ್ತಾರೆ. ಸ್ವಂತ ಟ್ರಕ್ ತಗೊಳ್ಳುವಾಗ ಸ್ಟೇರಿಂಗ್ ಬಲಗಡೆ ಇರುವ ಕ್ಯಾಬಿನ್ ಕೂಡ ಸಿಗುತ್ತದೆ. ಜರ್ಮನಿಯಲ್ಲಿ ಶುರು ಮಾಡಿಸಿದರೆ ಅಷ್ಟು ವರ್ಷದ ಕೈರೂಢಿ ಉಲ್ಟಾ ಹೊಡೆಯುತ್ತದೆ. ನಮ್ಮ ಮಾವ ಮೊದಲ ಸರ್ಕಲ್‌ನಲ್ಲೇ ಎದುರು ಬಂದ ಬಸ್ಸಿಗೆ ಗುದ್ದಿ, ಕೀಬೋರ್ಡ್ ಬಿಟ್ಟು ಎದ್ದುಬಿಟ್ಟಿದ್ದರು. ಬ್ರಿಟನ್‌ಗೆ ಬದಲಾಯಿಸಿದ ಮೇಲೆ ಕೂತರು.

ಮಂಡಿ ಆಪರೇಷನ್ ಅಂದಿರಿ. ಹಾಗಾದರೆ ಈಗಲೇ ಸ್ಟೇರಿಂಗ್ ವ್ಹೀಲ್ ಸೆಟ್‌ಗೆ ದುಡ್ಡು ಹಾಕಬೇಡಿ. ಕ್ಲಚ್ ತುಳಿಯುವುದು ಕಷ್ಟ ಆಗಬಹುದು. ಗೇಮ್‌ನಲ್ಲಿ ಗೇರ್ ಆಟೋಮ್ಯಾಟಿಕ್ ಇಟ್ಟು ಒಂದು ಗೇಮ್‌ಪ್ಯಾಡ್ ಕೊಡಿ ಸಾಕು. ರಿವರ್ಸ್ ಹಾಕುವಾಗ ಕೀಬೋರ್ಡಿನ 5 ಒತ್ತಿದರೆ ಕಿಟಕಿಯಿಂದ ತಲೆ ಹೊರಗೆ ಹಾಕಿ ಹಿಂದೆ ನೋಡಬಹುದು. ಇದನ್ನು ಅಪ್ಪನಿಗೆ ಮೊದಲ ದಿನವೇ ತೋರಿಸಿಕೊಡಿ. ಕ್ಲೀನರ್ ಇಲ್ಲದೆ ಒಬ್ಬರೇ ಗಾಡಿ ಹಿಂದೆ ತಗೊಂಡವರಿಗೆ ಅದರ ಬೆಲೆ ಗೊತ್ತಿರುತ್ತೆ.

ತಿಪಟೂರು_ತೆಂಗು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೊದಲನೇ ಕೊಟೇಷನ್ ಬಿಟ್ಟೆ. ಬಟವಾಡಿ ಸರ್ ಹೇಳಿದ ಹಾಗೆ 5500, ಆರ್‌ಎಕ್ಸ್ 6600, ಎರಡು 8 ಜಿಬಿ ಸ್ಟಿಕ್ ಅಂತ ಎಸ್.ಪಿ. ರಸ್ತೆಯವರಿಗೆ ವಾಟ್ಸ್ಯಾಪ್ ಮಾಡಿದೆ. ಮಾನಿಟರ್ ಸೇರಿ 59 ಸಾವಿರಕ್ಕೆ ಒಪ್ಪಿದ್ದಾರೆ. ಎಸ್‌ಎಂಪಿಎಸ್ 80 ಪ್ಲಸ್ ಬ್ರಾಂಜ್, 8 ಪಿನ್ ಇದೆ ಅಂತ ಪೆಟ್ಟಿಗೆಯ ಫೋಟೋನೂ ಕಳಿಸಿದರು.

ಎರಡು ಪ್ರಶ್ನೆ ಉಳಿದಿದೆ. ಹೇಳಿದ್ದೇ ಒಳಗೆ ಹಾಕಿದ್ದಾರಾ ಅಂತ ಅಂಗಡಿಯಲ್ಲೇ ನೋಡುವುದು ಹೇಗೆ? ಕ್ಯಾಬಿನೆಟ್ ತೆಗೆಸಿದರೂ ನನಗೆ ಗೊತ್ತಾಗಲ್ಲ. ಇನ್ನೊಂದು, ಗೇಮ್ ದುಡ್ಡು ಕೊಟ್ಟು ತಗೊಂಡ ಮೇಲೆ ಸರಿಯಾಗಿ ಓಡದಿದ್ದರೆ ಏನು ಗತಿ?

ಬಟವಾಡಿ_ಬಿಲ್ಡ್ಸ್

ಕ್ಯಾಬಿನೆಟ್ ತೆಗೆಯುವುದೇ ಬೇಡ. ಪಿಸಿ ಆನ್ ಮಾಡಿಸಿ, ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್ ಅನ್ನುವ ಕಡೆ ಹೋಗಿ. ಸಿಪಿಯು ಒತ್ತಿದರೆ ಬಲಗಡೆ ಮೇಲೆ ಪೂರ್ತಿ ಹೆಸರು. ಜಿಪಿಯು ಒತ್ತಿದರೆ ಕಾರ್ಡ್ ಹೆಸರು, ಅದರ ಮೆಮೊರಿ. ಮೆಮೊರಿ ಒತ್ತಿದರೆ ಎಷ್ಟು ಜಿಬಿ, ಎಷ್ಟು ಸ್ಲಾಟ್ ತುಂಬಿದೆ, ಎಷ್ಟು ವೇಗ. ಅಲ್ಲಿ ವೇಗ 3200 ಇರಬೇಕು. 2400, 2666 ಅಂತ ಇದ್ದರೆ ಗಾಬರಿ ಬೇಡ, ಸಾಮಾನ್ಯವಾಗಿ ಸ್ಟಿಕ್ ಸರಿಯಾಗಿಯೇ ಇರುತ್ತದೆ, ಬಯೋಸ್‌ನಲ್ಲಿ (ಬೋರ್ಡ್‌ನ ಒಳಗಿನ ಸೆಟ್ಟಿಂಗ್) ಎಕ್ಸ್‌ಎಂಪಿ, ಅಂದರೆ ಸ್ಟಿಕ್ಕನ್ನು ಪೂರ್ತಿ ವೇಗದಲ್ಲಿ ಓಡಿಸುವ ಆಯ್ಕೆ, ಆನ್ ಮಾಡಿರುವುದಿಲ್ಲ. ಅಲ್ಲೇ ಮಾಡಿಸಿಕೊಳ್ಳಿ, ಎರಡು ನಿಮಿಷದ ಕೆಲಸ.

ಮನೆಯಲ್ಲಿ ಜೋಡಿಸುವಾಗ ಮಾನಿಟರ್ ಕೇಬಲ್ ಕೆಳಗೆ ಅಡ್ಡಡ್ಡ ಇರುವ ಕಾರ್ಡ್‌ನ ಪೋರ್ಟ್‌ಗೆ ಹಾಕಿ. ಯುಎಸ್‌ಬಿ ಪೋರ್ಟ್‌ಗಳ ಪಕ್ಕ ಇರುವುದು ಬೋರ್ಡ್‌ನದು, 5500ರಲ್ಲಿ ಅಲ್ಲಿಂದ ಏನೂ ಬರಲ್ಲ.

ಗೇಮ್ ದುಡ್ಡಿನ ಬಗ್ಗೆ. ಸ್ಟೀಮ್‌ನಲ್ಲಿ ತಗೊಂಡ 14 ದಿನದೊಳಗೆ, ಆಡಿದ್ದು 2 ಗಂಟೆಗಿಂತ ಕಡಿಮೆ ಇದ್ದರೆ ದುಡ್ಡು ವಾಪಸ್ ಕೇಳಬಹುದು. ಆದರೆ ತಮ್ಮ ಕಥೆ ಶುರು ಮಾಡಿದರೆ ಆ ಎರಡು ಗಂಟೆ ಹಿಮದ ಬೆಟ್ಟದಲ್ಲೇ ಕಳೆದುಹೋಗುತ್ತೆ. ಪಿಸಿಗೆ ನಿಜವಾದ ಭಾರ ಬೀಳುವುದು ಮುಂದೆ, ಜನ ತುಂಬಿದ ಸೇಂಟ್ ಡೆನಿಸ್ ಪಟ್ಟಣದಲ್ಲಿ. ಅದಕ್ಕೇ ಕಥೆಗೆ ಕೈ ಹಾಕುವ ಮೊದಲು ಗ್ರಾಫಿಕ್ಸ್ ಸೆಟ್ಟಿಂಗ್ಸ್‌ಗೆ ಹೋಗಿ, ಅಲ್ಲಿ ಬೆಂಚ್‌ಮಾರ್ಕ್ ಅಂತ ಇದೆ, ಅದನ್ನು ಓಡಿಸಿ. ಬೇರೆ ಬೇರೆ ಜಾಗ ತೋರಿಸಿ ಕೊನೆಗೆ ಕನಿಷ್ಠ, ಗರಿಷ್ಠ, ಸರಾಸರಿ ಎಫ್‌ಪಿಎಸ್ ಬರೆಯುತ್ತದೆ. ಸರಾಸರಿ 60 ಬಂದರೆ ಸಂತೋಷವಾಗಿ ಆಡಲಿ.

ತಿಪಟೂರು_ತೆಂಗು

ಪಿಸಿ ಮನೆಗೆ ಬಂತು. ರೈಲಿನಲ್ಲಿ ಮಾನಿಟರ್ ಪೆಟ್ಟಿಗೆಯನ್ನು ತಮ್ಮ ತೊಡೆ ಮೇಲಿಂದ ಕೆಳಗೆ ಇಳಿಸಲೇ ಇಲ್ಲ.

ಅಂಗಡಿಯಲ್ಲಿ ಟಾಸ್ಕ್ ಮ್ಯಾನೇಜರ್ ತೆಗೆಸಿದೆ. ಪ್ರೊಸೆಸರ್, ಕಾರ್ಡ್ ಎರಡೂ ಹೇಳಿದ್ದೇ. ರ್‍ಯಾಮ್ ವೇಗ ನೋಡಿದರೆ 2666! ಎಕ್ಸ್‌ಎಂಪಿ ಆನ್ ಮಾಡಿಕೊಡಿ ಅಂದೆ. ಹುಡುಗ ಒಮ್ಮೆ ನನ್ನ ಮುಖ ನೋಡಿ, ಸರಿ ಮೇಡಂ ಅಂತ ಮಾಡಿಕೊಟ್ಟ. ಈಗ 3200.

ರೆಡ್ ಡೆಡ್ ಡೌನ್‌ಲೋಡ್‌ಗೆ ಇಡೀ ರಾತ್ರಿ ಹಿಡಿಯಿತು. ಸ್ಟೀಮ್‌ನಲ್ಲಿ ದುಡ್ಡು ಯುಪಿಐನಲ್ಲೇ ಕಟ್ಟಿದೆ. ಬೆಳಿಗ್ಗೆ ಬೆಂಚ್‌ಮಾರ್ಕ್ ಓಡಿಸಿದೆವು. 1080ಪಿ, ಹೆಚ್ಚಿನ ಸೆಟ್ಟಿಂಗ್ಸ್ ಹೈ, ನೀರು ಮತ್ತು ನೆರಳು ಮೀಡಿಯಂ. ಸರಾಸರಿ 70ರ ಆಸುಪಾಸು ಬಂತು. ತಮ್ಮ ಆ ಸ್ಕ್ರೀನಿನ ಫೋಟೋ ತೆಗೆದು ಸ್ನೇಹಿತರ ಗ್ರೂಪಿಗೆಲ್ಲಾ ಹಾಕಿದ್ದಾನೆ.

ಅಪ್ಪನಿಗೆ ಡೆಮೊ ಹಾಕಿಕೊಟ್ಟೆ. ಮಿರರ್ ಹೈನಲ್ಲೇ ಇಟ್ಟಿದ್ದೇನೆ, ಸ್ಕೇಲಿಂಗ್ 150. ಹತ್ತು ನಿಮಿಷ ಮಾತೇ ಇಲ್ಲ. ಆಮೇಲೆ ಕೇಳಿದ ಮೊದಲ ಪ್ರಶ್ನೆ, ಇದರಲ್ಲಿ ಲೋಡ್ ಎಷ್ಟು ಟನ್ ಅಂತ. ಪೂರ್ತಿ ಗೇಮ್ ತಗೊಳ್ಳುತ್ತೇವೆ, ಬ್ರಿಟನ್‌ನಲ್ಲೇ ಶುರು.

ಒಂದು ಕೊನೆಯ ಪ್ರಶ್ನೆ. ಇಲ್ಲಿ ಕರೆಂಟ್ ಹೇಳದೆ ಕೇಳದೆ ಹೋಗುತ್ತೆ. ಮನೆಯಲ್ಲಿ ಹಳೆಯ 600 ವಿಎ ಯುಪಿಎಸ್ ಇದೆ. ಸಾಕಾ?

ಬಟವಾಡಿ_ಬಿಲ್ಡ್ಸ್

ಓದಿ ಬಹಳ ಖುಷಿ ಆಯಿತು ಮೇಡಂ. 600 ವಿಎ ಅಂದರೆ ಸಾಮಾನ್ಯವಾಗಿ 360 ವ್ಯಾಟ್. ಗೇಮ್ ಆಡುವಾಗ ಮಾನಿಟರ್ ಸೇರಿ ನಿಮ್ಮ ಪಿಸಿ ಸುಮಾರು 250 ಎಳೆಯಬಹುದು. ಲೆಕ್ಕಕ್ಕೆ ಹೊರುತ್ತದೆ, ಆದರೆ ಬ್ಯಾಟರಿ ಹಳೆಯದು. ಕರೆಂಟ್ ಹೋದ ತಕ್ಷಣ ಸೇವ್ ಮಾಡಿ ಶಟ್‌ಡೌನ್ ಮಾಡುವುದಕ್ಕೆ ಮಾತ್ರ ಅದು. ಮುಂದುವರಿಸಿ ಆಡಬಾರದು ಅಂತ ತಮ್ಮನಿಗೆ ಹೇಳಿ. ಒಂದು ಸಲ ಬೇಕಂತಲೇ ಟ್ಯಾಲಿ ಮಾತ್ರ ತೆರೆದಿಟ್ಟು ಗೋಡೆಯ ಸ್ವಿಚ್ ಆಫ್ ಮಾಡಿ ನೋಡಿ. ಐದು ನಿಮಿಷ ನಿಲ್ಲದಿದ್ದರೆ ಬ್ಯಾಟರಿ ಬದಲಾಯಿಸಿ.

ಇನ್ನೊಂದು. ಬಿಲ್‌ನಲ್ಲಿ ಕಾರ್ಡ್, ಬೋರ್ಡ್, ಎಸ್‌ಎಸ್‌ಡಿ, ಎಸ್‌ಎಂಪಿಎಸ್ ನಾಲ್ಕರದ್ದೂ ಸೀರಿಯಲ್ ನಂಬರ್ ಇದೆಯಾ ನೋಡಿ. ಇಲ್ಲದಿದ್ದರೆ ಇವತ್ತೇ ವಾಟ್ಸ್ಯಾಪ್ ಮಾಡಿ ಬರೆಸಿಕೊಳ್ಳಿ. ಪೆಟ್ಟಿಗೆಗಳನ್ನೂ ಬಿಸಾಡಬೇಡಿ, ವಾರಂಟಿಗೆ ಕೇಳುತ್ತಾರೆ.